ಗ್ಯಾಲ್4 ಡಿಎನ್‌ಎ ಮೇಲೆ ಕೂತೇ ಇದೆ, ಜೀನ್ ಮಾತ್ರ ಆನ್ ಆಗ್ತಿಲ್ಲ. ಯಾಕೆ?

ನೀಲಿ ಕಾಲನಿ

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್ ಯೀಸ್ಟ್ ಮೇಲೆ. ಪುಸ್ತಕದ ಡೌಟು ಒಂದಿದೆ, ಬೆಂಚಿನ ಗೋಳು ಒಂದಿದೆ. ಎರಡನ್ನೂ ಇಲ್ಲೇ ಹಾಕುತ್ತೇನೆ.

ಗ್ಯಾಲ್4 ಪ್ರೋಟೀನು, ಗ್ಯಾಲಕ್ಟೋಸ್ ಸಕ್ಕರೆ ಬಳಸಲು ಬೇಕಾದ ಗ್ಯಾಲ್1 ಜೀನನ್ನು ಆನ್ ಮಾಡುತ್ತದೆ ಅಂತ ಬಿಎಸ್ಸಿಯಿಂದಲೂ ಓದುತ್ತಾ ಬಂದಿದ್ದೇನೆ. ಹೇಗೆ ಅಂತ ಕೇಳಿದರೆ "ಕೋಆಕ್ಟಿವೇಟರ್ ಕಾಂಪ್ಲೆಕ್ಸ್‌ಗಳನ್ನು ರಿಕ್ರೂಟ್ ಮಾಡುತ್ತದೆ" ಅನ್ನುತ್ತಾರೆ, ಅಂದರೆ ಜೀನ್ ಆನ್ ಮಾಡಲು ನೆರವಾಗುವ ಪ್ರೋಟೀನ್ ತಂಡಗಳನ್ನು ಕರೆತರುತ್ತದೆ ಅಂತ. ಬೋರ್ಡ್ ಮೇಲೆ ಒಂದು ಬಾಣ ಎಳೆಯುತ್ತಾರೆ. ಮುಂದಿನ ಸ್ಲೈಡ್ ಬರುತ್ತದೆ. ಆ ಬಾಣದೊಳಗೆ ಏನು ನಡೆಯುತ್ತದೆ ಅಂತ ಯಾರೂ ಹೇಳುವುದಿಲ್ಲ. ಇನ್ನೂ ಒಂದು ಗೊಂದಲ: ರಾಫಿನೋಸ್‌ನಲ್ಲಿ (ಗ್ಯಾಲ್ ಜೀನ್‌ಗಳನ್ನು ಆನ್ ಮಾಡದ, ಗ್ಲೂಕೋಸ್ ಥರ ಅದುಮಿಯೂ ಇಡದ ಸಕ್ಕರೆ) ಬೆಳೆದ ಯೀಸ್ಟ್‌ನಲ್ಲಿ ಗ್ಯಾಲ್4 ಆಗಲೇ ಡಿಎನ್‌ಎ ಮೇಲೆ ಕೂತಿರುತ್ತದಂತೆ. ಕೂತಿದ್ದೂ ಜೀನ್ ಆಫ್. ಹಾಗಾದರೆ ಕೂತು ಏನು ಬಂತು?

ಈಗ ಗೋಳು. ಗ್ಯಾಲ್1 ಪ್ರೊಮೋಟರ್‌ಗೆ (ಜೀನಿನ ಮುಂದಿರುವ ಸ್ವಿಚ್ಚಿನ ಭಾಗಕ್ಕೆ) ಲ್ಯಾಕ್‌ಝಡ್ ಜೀನ್ ಜೋಡಿಸಿದ ತಳಿ ನನ್ನದು. ಸ್ವಿಚ್ ಆನ್ ಆದರೆ ಬೀಟಾ-ಗ್ಯಾಲಕ್ಟೋಸಿಡೇಸ್ ಎಂಜೈಮ್ ತಯಾರಾಗಿ, ಓಎನ್‌ಪಿಜಿಯಿಂದ ಹಳದಿ, ಎಕ್ಸ್-ಗ್ಯಾಲ್‌ನಿಂದ ನೀಲಿ ಬಣ್ಣ ಬರಬೇಕು. ರಾತ್ರಿಯಿಡೀ ಗ್ಲೂಕೋಸ್ ಮೀಡಿಯಾದಲ್ಲಿ ಬೆಳೆಸಿದೆ. ಬೆಳಗ್ಗೆ ಸ್ಪಿನ್ ಮಾಡಿ 2% ಗ್ಯಾಲಕ್ಟೋಸ್‌ಗೆ ಹಾಕಿ ಎರಡು ಗಂಟೆ ಬಿಟ್ಟೆ. ಓಎನ್‌ಪಿಜಿ ಹಾಕಿದರೆ ಹಳದಿ ಬಣ್ಣವೇ ಇಲ್ಲ. ಎಕ್ಸ್-ಗ್ಯಾಲ್ ಪ್ಲೇಟ್ ಮೇಲೂ ಕಾಲನಿಗಳು ಬೆಳ್ಳಗೆ ಕೂತಿವೆ. ಇಲ್ಲಿ ನಾನಿಟ್ಟುಕೊಂಡ ಹೆಸರು ನೋಡಿ ಲ್ಯಾಬ್‌ಮೇಟ್ ಒಬ್ಬಳು ಇನ್ನೂ ನಗುತ್ತಿದ್ದಾಳೆ.

ಹಳೇ ಪಿಪೆಟ್

ಗೋಳಿಗೆ ಆಮೇಲೆ ಬರೋಣ. ಅದರ ಬೇರೂ ನಿಮ್ಮ ಡೌಟಿನ ಬೇರೂ ಹತ್ತಿರದಲ್ಲೇ ಇವೆ.

ಗ್ಯಾಲ್4 ಒಟ್ಟು 881 ಅಮೈನೋ ಆಮ್ಲಗಳ ಪ್ರೋಟೀನು. ಅದಕ್ಕೆ ಎರಡು ಕೈ ಅಂದುಕೊಳ್ಳಿ. ಮುಂದಿನ ತುದಿಯ ಕೈ ಡಿಎನ್‌ಎ ಹಿಡಿಯುತ್ತದೆ. ಎರಡು ಗ್ಯಾಲ್4 ಜೋಡಿಯಾಗಿ 17 ಅಕ್ಷರದ ಒಂದು ತಾಣದ ಮೇಲೆ ಕೂರುತ್ತವೆ. ಆ ತಾಣದ ಒಂದು ತುದಿಯಲ್ಲಿ ಸಿಜಿಜಿ, ಇನ್ನೊಂದು ತುದಿಯಲ್ಲಿ ಸಿಸಿಜಿ. ನಡುವಿನ 11 ಅಕ್ಷರ ಏನಿದ್ದರೂ ಹೆಚ್ಚುಕಮ್ಮಿ ನಡೆಯುತ್ತದೆ. ಗ್ಯಾಲ್1 ಮತ್ತು ಗ್ಯಾಲ್10 ಬೆನ್ನಿಗೆ ಬೆನ್ನು ಹಾಕಿ ಕೂತ ಜೀನ್‌ಗಳು. ಅವುಗಳ ಮಧ್ಯೆ ಇಂಥ ನಾಲ್ಕು ತಾಣಗಳಿವೆ.

ಹಿಂದಿನ ತುದಿಯ ನೂರು ಚಿಲ್ಲರೆ ಅಮೈನೋ ಆಮ್ಲಗಳು ಎರಡನೆಯ ಕೈ. ಅದನ್ನೇ ಆಕ್ಟಿವೇಶನ್ ಡೊಮೇನ್ ಅನ್ನುವುದು. ರಾಫಿನೋಸ್‌ನಲ್ಲಿ ಈ ಕೈಯನ್ನು ಗ್ಯಾಲ್80 ಅನ್ನುವ ಇನ್ನೊಂದು ಪ್ರೋಟೀನು ಮುಚ್ಚಿ ಹಿಡಿದಿರುತ್ತದೆ. ಗ್ಯಾಲಕ್ಟೋಸ್ ಬಂದಾಗ ಗ್ಯಾಲ್3 ಅದನ್ನೂ ಎಟಿಪಿಯನ್ನೂ ಹಿಡಿದುಕೊಂಡು ಹೋಗಿ ಗ್ಯಾಲ್80ಗೆ ಗಂಟುಬೀಳುತ್ತದೆ. ಗ್ಯಾಲ್80 ಹಿಡಿತ ಸಡಿಲ ಮಾಡಿತು ಅಂದರೆ ಕೈ ಖಾಲಿಯಾಯಿತು. ಜೀನ್ ಆನ್ ಆಗೋದು ಆಮೇಲೆ.

ನಿಮ್ಮ "ಕೂತು ಏನು ಬಂತು" ಅನ್ನೋದಕ್ಕೆ ಉತ್ತರ ಇಷ್ಟೇ: ಕೂರೋದು ಅರ್ಧ ಕೆಲಸ. ಇನ್ನರ್ಧ ಎರಡನೆಯ ಕೈಯಲ್ಲಿ ಯಾರನ್ನು ಹಿಡಿದು ತರುತ್ತದೆ ಅನ್ನೋದು.

ಬಯಾಲಜಿ ಮೇಷ್ಟ್ರು

ನಾನು ಕ್ಲಾಸಿನಲ್ಲಿ ಮದುವೆಮನೆಯ ಲೆಕ್ಕ ಹೇಳುತ್ತೇನೆ. ಪ್ರತಿ ಮದುವೆಮನೆಯಲ್ಲೂ ಒಬ್ಬ ಓಡಾಟದವನು ಇರುತ್ತಾನಲ್ಲ? ಅವನಿಗೆ ಅಡುಗೆ ಬರಲ್ಲ, ಪೆಂಡಾಲ್ ಹಾಕೋಕೆ ಬರಲ್ಲ, ಮಂತ್ರವೂ ಬರಲ್ಲ. ಆದರೆ ಅಡುಗೆ ಭಟ್ಟರನ್ನು ಕರೆಯೋದು ಅವನು, ಶಾಮಿಯಾನದವನನ್ನು ಹಿಡಿದು ತರೋದು ಅವನು. ಅವನು ಊರಲ್ಲಿ ಇಲ್ಲ ಅಂದರೆ ಒಲೆಯೇ ಹತ್ತಲ್ಲ. ಗ್ಯಾಲ್4 ಅಂದರೆ ಅವನೇ. ಜೀನಿನಿಂದ ಆರ್‌ಎನ್‌ಎ ಬರೆಯುವ ಪಾಲಿಮರೇಸ್ ಎಂಜೈಮ್ ಅಡುಗೆಯವರು. ಮೀಡಿಯೇಟರ್, ಸಾಗಾ ಅನ್ನುವ ಕೋಆಕ್ಟಿವೇಟರ್‌ಗಳೆಲ್ಲ ಮಧ್ಯದ ತಂಡಗಳು.

ಕೋಡ್ ಕುಟ್ಟುವವ

ಬಯಾಲಜಿ ಪಿಯುಸಿಗೇ ಬಿಟ್ಟವನು ನಾನು, ತಪ್ಪಿದ್ದರೆ ಕ್ಷಮಿಸಿ. ಮೇಷ್ಟ್ರ ಕಥೆ ಚೆನ್ನಾಗಿದೆ. ಆದರೆ ಓಡಾಟದವನು ಬರೀ ಕರೀತಾನೆ, ಮತ್ತೇನೂ ಮಾಡಲ್ಲ ಅಂತ ಹೇಗೆ ಗೊತ್ತಾಯಿತು? ಭಟ್ಟರ ಕಿವಿ ಹಿಂಡಿ "ಶುರು ಮಾಡಿ" ಅಂತಲೂ ಹೇಳುತ್ತಿರಬಹುದಲ್ಲ?

ನಾನಾಗಿದ್ದರೆ ಹೀಗೆ ಟೆಸ್ಟ್ ಮಾಡುತ್ತಿದ್ದೆ. ಓಡಾಟದವನನ್ನು ತೆಗೆದುಹಾಕು. ಭಟ್ಟರನ್ನು ನೇರವಾಗಿ ಒಲೆ ಮುಂದೆ ಹಗ್ಗ ಹಾಕಿ ಕಟ್ಟು. ಆಗಲೂ ಅಡುಗೆ ಆದರೆ, ಅವನ ಕೆಲಸ ಕರೆತರೋದು ಮಾತ್ರ. ಆಗದಿದ್ದರೆ ಬೇರೇನೋ ಇದೆ.

ಹಳೇ ಪಿಪೆಟ್

ಗುರೂ, ನೀನು ತಪ್ಪು ಕೋರ್ಸ್ ತೆಗೆದುಕೊಂಡೆ. 1995ರಲ್ಲಿ ಮಾಡಿದ್ದು ಇದೇ ಪ್ರಯೋಗ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಈ ಇಡೀ ಕ್ಷೇತ್ರದಲ್ಲಿ ನನಗೆ ತುಂಬಾ ಇಷ್ಟದ ಕಥೆ ಇದು.

ಹಿನ್ನೆಲೆ ಮೊದಲು. 1985ರಲ್ಲಿ ಹಾರ್ವರ್ಡ್‌ನಲ್ಲಿ ರೋಜರ್ ಬ್ರೆಂಟ್ ಮತ್ತು ಮಾರ್ಕ್ ಪ್ಟಾಶ್ನೆ ಗ್ಯಾಲ್4ನ ಡಿಎನ್‌ಎ ಹಿಡಿಯುವ ಕೈ ಕತ್ತರಿಸಿ, ಅಲ್ಲಿಗೆ ಲೆಕ್ಸ್‌ಎ ಅನ್ನುವ ಬ್ಯಾಕ್ಟೀರಿಯಾ ಪ್ರೋಟೀನನ್ನು ಅಂಟಿಸಿದರು. ಯೀಸ್ಟ್‌ನ ಒಂದು ಜೀನ್ ಮುಂದೆ ಲೆಕ್ಸ್‌ಎ ಕೂರುವ ತಾಣ ಇಟ್ಟರು. ಜೀನ್ ಆನ್ ಆಯಿತು. ಅಂದರೆ ಡಿಎನ್‌ಎ ಹಿಡಿಯುವ ಕೈ ಯಾವುದಾದರೂ ಪರವಾಗಿಲ್ಲ, ಎರಡು ಕೈಗಳ ಕೆಲಸ ಬೇರೆ ಬೇರೆ. ನಾಲ್ಕು ವರ್ಷ ಕಳೆದು ಬಂದ ಯೀಸ್ಟ್ ಟೂ-ಹೈಬ್ರಿಡ್ (ಎರಡು ಪ್ರೋಟೀನು ಒಂದಕ್ಕೊಂದು ಅಂಟುತ್ತವಾ ಅಂತ ನೋಡುವ ವಿಧಾನ) ನಿಂತಿರುವುದೂ ಈ ಕತ್ತರಿ ಪ್ರಯೋಗದ ಮೇಲೇ.

ಇನ್ನೊಂದು ಕಡೆಯಿಂದ ಒಂದು ವಿಚಿತ್ರ ಮ್ಯುಟೆಂಟ್ ಸಿಕ್ಕಿತು. ಆಕ್ಟಿವೇಶನ್ ಡೊಮೇನ್ ಕಿತ್ತುಹಾಕಿದ ಮೋಟು ಗ್ಯಾಲ್4 ಸಾಮಾನ್ಯವಾಗಿ ಸತ್ತ ಹಾಗೆ ಕೂತಿರುತ್ತದೆ. ಈ ಮ್ಯುಟೆಂಟ್ ಯೀಸ್ಟ್‌ನಲ್ಲಿ ಮಾತ್ರ ಅದು ಜೀನನ್ನು ಜೋರಾಗಿ ಆನ್ ಮಾಡುತ್ತಿತ್ತು. ಹುಡುಕಿ ನೋಡಿದರೆ ಬದಲಾದದ್ದು ಗ್ಯಾಲ್11 ಅನ್ನುವ ಬೇರೆ ಪ್ರೋಟೀನಿನ ಒಂದೇ ಒಂದು ಅಮೈನೋ ಆಮ್ಲ: 342ನೆಯ ಜಾಗದ ಆಸ್ಪರಜಿನ್ ಹೋಗಿ ಐಸೊಲ್ಯೂಸಿನ್ ಬಂದಿದೆ. ಇದಕ್ಕೆ ಗ್ಯಾಲ್11ಪಿ ಅಂತ ಹೆಸರು. ಆ ಒಂದು ಬದಲಾವಣೆಯಿಂದ ಗ್ಯಾಲ್11ಗೆ ಗ್ಯಾಲ್4ನ ಜೋಡಿ ಸೇರುವ ಭಾಗ ಅಂಟುವ ಹಾಗಾಗಿಬಿಟ್ಟಿತು. ಸಹಜವಾಗಿ ಇಲ್ಲದ ಅಂಟು ಅದು, ಆಕಸ್ಮಿಕವಾಗಿ ಹುಟ್ಟಿಕೊಂಡದ್ದು.

ಗ್ಯಾಲ್11 ಯಾರು? ಮೀಡಿಯೇಟರ್ ತಂಡದ ಒಬ್ಬ ಸದಸ್ಯ. ಈಗ ಅದನ್ನೇ ಮೆಡ್15 ಅನ್ನುತ್ತೇವೆ.

1995ರಲ್ಲಿ ಪ್ಟಾಶ್ನೆ ಲ್ಯಾಬ್ ಇದನ್ನು ಬಿಡಿಸಿತು. ನೀನು ಹೇಳಿದ ಹಗ್ಗವನ್ನೂ ಕಟ್ಟಿತು. ಲೆಕ್ಸ್‌ಎಯನ್ನು ನೇರವಾಗಿ ಗ್ಯಾಲ್11ಗೆ ಅಂಟಿಸಿದರು. ಆಕ್ಟಿವೇಶನ್ ಡೊಮೇನ್ ಅನ್ನುವುದು ಈ ಜೋಡಣೆಯಲ್ಲಿ ಎಲ್ಲೂ ಇಲ್ಲ. ಆದರೂ ಜೀನ್ ಆನ್. ಮೀಡಿಯೇಟರಿನ ಒಂದು ಮೂಲೆಯನ್ನು ಹೇಗಾದರೂ ಮಾಡಿ ಡಿಎನ್‌ಎಗೆ ಕಟ್ಟಿದರೆ ಸಾಕು, ಮಿಕ್ಕ ತಂಡ ತಾನಾಗಿ ಬರುತ್ತದೆ, ಹಿಂದೆಯೇ ಪಾಲಿಮರೇಸ್ ಬರುತ್ತದೆ. ಕಿವಿ ಹಿಂಡಬೇಕಾಗಿಲ್ಲ.

ನೀಲಿ ಕಾಲನಿ

ಸರ್, ಒಂದು ನಿಮಿಷ. ಒಂದೇ ಅಮೈನೋ ಆಮ್ಲ ಬದಲಾಗಿ ಹೊಸ ಅಂಟು ಹುಟ್ಟಿದ್ದಕ್ಕೆ ಇಡೀ ಜೀನ್ ಆನ್ ಆಯಿತು ಅಂದರೆ, ಸಹಜ ಗ್ಯಾಲ್4ನ ಆಕ್ಟಿವೇಶನ್ ಡೊಮೇನ್‌ನಲ್ಲೂ ವಿಶೇಷ ಏನೂ ಇಲ್ಲ ಅಂತಲೇ? ಅಂಟಿದರೆ ಸಾಕಾ?

ಹಳೇ ಪಿಪೆಟ್

ಹೆಚ್ಚುಕಮ್ಮಿ ಹಾಗೇ. 1987ರಲ್ಲಿ ಜುನ್ ಮಾ ಮತ್ತು ಪ್ಟಾಶ್ನೆ ಇ. ಕೋಲೈ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಚೂರು ಚೂರು ಮಾಡಿ, ಸಿಕ್ಕ ಸಿಕ್ಕ ಚೂರನ್ನು ಗ್ಯಾಲ್4ನ ಡಿಎನ್‌ಎ ಕೈಗೆ ಅಂಟಿಸಿ ನೋಡಿದರು. ಹಲವು ಚೂರುಗಳು ಆಕ್ಟಿವೇಟರ್ ಆಗಿ ಕೆಲಸ ಮಾಡಿದವು! ಬ್ಯಾಕ್ಟೀರಿಯಾದಲ್ಲಿ ಮೀಡಿಯೇಟರ್ರೇ ಇಲ್ಲ, ಅದರ ಡಿಎನ್‌ಎಗೆ ಈ ಕೆಲಸದ ಗಂಧಗಾಳಿ ಇಲ್ಲ. ಕೆಲಸ ಮಾಡಿದ ಚೂರುಗಳಲ್ಲಿ ಎದ್ದು ಕಂಡದ್ದು ಒಂದೇ: ಆಸಿಡ್ ಗುಣದ ಅಮೈನೋ ಆಮ್ಲಗಳು ಜಾಸ್ತಿ.

ಗ್ಯಾಲ್4 ಅನ್ನು ಹಣ್ಣುನೊಣಕ್ಕೆ ಹಾಕಿ, ಮನುಷ್ಯರ ಜೀವಕೋಶಕ್ಕೆ ಹಾಕಿ, ಅದರ ತಾಣವನ್ನೂ ಒದಗಿಸಿ. ಅಲ್ಲೂ ಜೀನ್ ಆನ್ ಮಾಡುತ್ತದೆ. ಹರ್ಪಿಸ್ ವೈರಸ್ಸಿನ ವಿಪಿ16 ಅನ್ನುವ ಆಕ್ಟಿವೇಟರನ್ನು ಯೀಸ್ಟ್‌ಗೆ ತನ್ನಿ, ಅದೂ ನಡೆಯುತ್ತದೆ.

ರಾತ್ರಿಪಾಳಿ

ಸುಮ್ನೆ ಓದಿಕೊಂಡಿದ್ದೆ, ವಿಪಿ16 ಹೆಸರು ಬಂತು, ಬಾಯಿ ಬಿಡಲೇಬೇಕು. ಗ್ಯಾಲ್4ನ ಡಿಎನ್‌ಎ ಕೈಗೆ ವಿಪಿ16 ಅಂಟಿಸಿದ ಗ್ಯಾಲ್4-ವಿಪಿ16 ಯೀಸ್ಟ್‌ನಲ್ಲಿ ಜಾಸ್ತಿಯಾದರೆ ಜೀವಕೋಶಕ್ಕೆ ವಿಷ. ಯಾಕೆ ಅಂದರೆ ಅದು ಕೋಆಕ್ಟಿವೇಟರ್‌ಗಳನ್ನೆಲ್ಲ ತಬ್ಬಿಕೊಂಡು ಕೂತುಬಿಡುತ್ತದೆ, ಬೇರೆ ಜೀನ್‌ಗಳಿಗೆ ಉಳಿಯುವುದಿಲ್ಲ. ಬರೀ ಗ್ಯಾಲ್4 ಅತಿಯಾದರೂ, ಅದರ ತಾಣವೇ ಇಲ್ಲದ ಜೀನ್‌ಗಳು ಮಂಕಾಗುತ್ತವೆ ಅಂತ 1988ರಲ್ಲೇ ಕಂಡಿತ್ತು. ಮೇಷ್ಟ್ರ ಕಥೆಯಲ್ಲಿ ಹೇಳೋದಾದರೆ ಊರಿಗೆ ನೂರು ಓಡಾಟದವರು, ಅಡುಗೆ ತಂಡ ಮಾತ್ರ ಮೂರು. ಒಬ್ಬೊಬ್ಬ ಭಟ್ಟರನ್ನು ಹತ್ತು ಜನ ಬಸ್‌ಸ್ಟಾಂಡಿನಲ್ಲೇ ಹಿಡಿದು ಎಳೆದಾಡುತ್ತಿದ್ದಾರೆ. ಯಾವ ಮನೆಯಲ್ಲೂ ಊಟ ಇಲ್ಲ. ಇದಕ್ಕೆ ಸ್ಕ್ವೆಲ್ಚಿಂಗ್ ಅನ್ನುತ್ತಾರೆ.

ಎಂಐಟಿಯ ಲಿಯೊನಾರ್ಡ್ ಗ್ವರೆಂಟೆ ಲ್ಯಾಬ್ ಇದನ್ನೇ ಬಲೆ ಮಾಡಿಕೊಂಡಿತು. ಗ್ಯಾಲ್4-ವಿಪಿ16 ಇದ್ದೂ ಸಾಯದ ಮ್ಯುಟೆಂಟ್‌ಗಳನ್ನು ಹುಡುಕಿದರು. ವಿಪಿ16 ತಬ್ಬಿಕೊಳ್ಳುವ ಪ್ರೋಟೀನೇ ಕೆಟ್ಟಿದ್ದರೆ ಜೀವಕೋಶ ಬದುಕಬೇಕಲ್ಲ, ಅದು ಲೆಕ್ಕ. ಹಾಗೆ 1992ರಲ್ಲಿ ಸಿಕ್ಕಿದ್ದೇ ಅಡಾ2. ಅದೇ ಬಲೆಗೆ ಆಮೇಲೆ ಇನ್ನೂ ಕೆಲವು ಅಡಾ ಜೀನ್‌ಗಳು ಬಿದ್ದವು.

ಇತ್ತ ಡೇವಿಡ್ ಆಲಿಸ್ ಲ್ಯಾಬ್ 1996ರಲ್ಲಿ ಟೆಟ್ರಹೈಮಿನ ಅನ್ನುವ ಒಂದು ಕೆರೆನೀರಿನ ಏಕಕೋಶ ಜೀವಿಯಿಂದ ಹಿಸ್ಟೋನ್‌ಗೆ (ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನು) ಅಸಿಟೈಲ್ ಗುಂಪು ಹಚ್ಚುವ ಎಂಜೈಮ್ ತೆಗೆಯಿತು. ಸೀಕ್ವೆನ್ಸ್ ನೋಡಿದರೆ ಅದು ಯೀಸ್ಟ್‌ನ ಜಿಸಿಎನ್5ನ ಅಣ್ಣತಮ್ಮ. ಆ ಜಿಸಿಎನ್5 ಜೀನ್ ಆನ್ ಮಾಡಲು ಬೇಕು ಅಂತ ಅಷ್ಟರಲ್ಲೇ ಗೊತ್ತಿತ್ತು. ಎರಡು ದಾರಿ ಒಂದೇ ಸರ್ಕಲ್‌ಗೆ ಬಂದು ಸೇರಿದವು. ಮರುವರ್ಷ ಜೆರಿ ವರ್ಕ್‌ಮನ್ ಲ್ಯಾಬ್ ಇಡೀ ಕಾಂಪ್ಲೆಕ್ಸ್ ತೆಗೆದು ಅದಕ್ಕೆ ಸಾಗಾ ಅಂತ ಹೆಸರಿಟ್ಟಿತು. ಎಸ್‌ಪಿಟಿ, ಅಡಾ, ಜಿಸಿಎನ್5, ಅಸಿಟೈಲ್‌ಟ್ರಾನ್ಸ್‌ಫರೇಸ್, ಮೊದಲಕ್ಷರ ಸೇರಿಸಿದರೆ ಸಾಗಾ. 19 ಪ್ರೋಟೀನುಗಳ ತಂಡ, ತೂಕ ಸುಮಾರು 18 ಲಕ್ಷ ಡಾಲ್ಟನ್.

ಕೋಡ್ ಕುಟ್ಟುವವ

ಹಾಗಾದರೆ ಎರಡು ತಂಡ: ಸಾಗಾ, ಮೀಡಿಯೇಟರ್. ಗ್ಯಾಲ್4 ಯಾರ ಕೈ ಹಿಡಿಯುತ್ತದೆ?

ರಾತ್ರಿಪಾಳಿ

ಇಬ್ಬರದೂ. ಸಾಗಾದಲ್ಲಿ ಟ್ರಾ1 ಅಂತ ಒಂದು ದೈತ್ಯ ಪ್ರೋಟೀನು ಇದೆ, 3744 ಅಮೈನೋ ಆಮ್ಲ. ಗ್ಯಾಲ್4 ಹಿಡಿಯುವುದು ಅದನ್ನು. ಜೀವಂತ ಯೀಸ್ಟ್‌ನೊಳಗೆ ಎರಡಕ್ಕೂ ಬೇರೆ ಬೇರೆ ಬಣ್ಣದ ಹೊಳೆಯುವ ಪ್ರೋಟೀನು ಅಂಟಿಸಿ, ಒಂದರ ಬೆಳಕು ಇನ್ನೊಂದಕ್ಕೆ ದಾಟುವಷ್ಟು ಹತ್ತಿರ ಇವೆ ಅಂತ 2004ರಲ್ಲಿ ಸುಕೇಶ್ ಭೌಮಿಕ್ ಮತ್ತು ಮೈಕೆಲ್ ಗ್ರೀನ್ ತಂಡ ತೋರಿಸಿತು. ಮೀಡಿಯೇಟರ್ ಕಡೆ ಅದರ ಬಾಲದ ಭಾಗದಲ್ಲಿರುವ ಮೆಡ್15.

ಆದರೆ ಗ್ಯಾಲ್1 ವಿಷಯದಲ್ಲಿ ಒಂದು ಮೋಜಿದೆ. ಸಾಗಾ ಅಂದ ಕೂಡಲೇ ಎಲ್ಲರೂ "ಹಿಸ್ಟೋನ್ ಅಸಿಟೈಲೇಶನ್" ಅಂತ ಬಾಯಿಪಾಠ ಒಪ್ಪಿಸುತ್ತಾರೆ. ಜಿಸಿಎನ್5 ಕಿತ್ತುಹಾಕಿ ನೋಡಿ, ಗ್ಯಾಲ್1 ಬಹುಪಾಲು ಆರಾಮಾಗಿ ಆನ್ ಆಗುತ್ತದೆ. ಸಾಗಾದ ಇನ್ನೊಬ್ಬ ಸದಸ್ಯ ಎಸ್‌ಪಿಟಿ20 ಕಿತ್ತರೆ ಸಾಗಾ ಬಿಚ್ಚಿಹೋಗುತ್ತದೆ, ಗ್ಯಾಲ್1 ಕುಸಿಯುತ್ತದೆ. ಎಸ್‌ಪಿಟಿ3 ಕಿತ್ತರೂ ಕುಸಿಯುತ್ತದೆ. ಎಸ್‌ಪಿಟಿ3 ಕೆಲಸ ಪ್ರೊಮೋಟರಿನ ಟಾಟಾ ಪೆಟ್ಟಿಗೆ ಅನ್ನುವ ತಾಣ ಹಿಡಿಯುವ ಟಿಬಿಪಿ ಪ್ರೋಟೀನನ್ನು ತಂದು ಕೂರಿಸುವುದು. ಅಂದರೆ ಈ ಜೀನಿಗೆ ಸಾಗಾ ಬೇಕಾಗಿರುವುದು ಅಸಿಟೈಲ್ ಹಚ್ಚೋಕಲ್ಲ, ಟಿಬಿಪಿ ಹೊತ್ತು ತರೋಕೆ. ಒಂದೇ ತಂಡ ಒಂದೊಂದು ಮನೆಯಲ್ಲಿ ಒಂದೊಂದು ಕೆಲಸ ಮಾಡುತ್ತದೆ.

ಬಯಾಲಜಿ ಮೇಷ್ಟ್ರು

ಇದು ನನಗೂ ಹೊಸದು. ನಾನೂ ಆ ಬಾಯಿಪಾಠದ ಗಿರಾಕಿಯೇ. ಥ್ಯಾಂಕ್ಸ್ ಕಣ್ರಪ್ಪಾ.

ಮೀಡಿಯೇಟರ್ ಬಗ್ಗೆ ನನಗೆ ಗೊತ್ತಿರುವುದನ್ನು ಸೇರಿಸುತ್ತೇನೆ. ಸ್ಟ್ಯಾನ್‌ಫರ್ಡ್‌ನ ರೋಜರ್ ಕಾರ್ನ್‌ಬರ್ಗ್ ಲ್ಯಾಬ್‌ನಲ್ಲಿ ಶುದ್ಧ ಮಾಡಿದ ಪಾಲಿಮರೇಸನ್ನೂ ಟಿಬಿಪಿ ಮತ್ತಿತರ ಸಾಮಾನ್ಯ ಫ್ಯಾಕ್ಟರ್‌ಗಳನ್ನೂ ಟ್ಯೂಬಿಗೆ ಹಾಕಿದರೆ ಸಣ್ಣಗೆ ಆರ್‌ಎನ್‌ಎ ಬರುತ್ತಿತ್ತು. ಆಕ್ಟಿವೇಟರ್ ಹಾಕಿದರೂ ಅಷ್ಟೇ, ಒಂದು ಚೂರೂ ಏರುತ್ತಿರಲಿಲ್ಲ. ಯೀಸ್ಟ್ ಸಾರದ ಇನ್ನೊಂದು ಭಾಗ ಸೇರಿಸಿದರೆ ಮಾತ್ರ ಆಕ್ಟಿವೇಟರ್ ಮಾತು ಕೇಳಿಸುತ್ತಿತ್ತು. ಆ ಭಾಗದಲ್ಲಿ ಏನೋ ಇದೆ ಅಂತ 1990ರಲ್ಲೇ ಅಂದರು. ಅದನ್ನು ಶುದ್ಧ ಮಾಡಿ ಕೈಗೆ ತರುವಷ್ಟರಲ್ಲಿ 1994 ಆಯಿತು. ಯೀಸ್ಟ್‌ನಲ್ಲಿ ಒಟ್ಟು 25 ಪ್ರೋಟೀನು: ತಲೆ, ನಡು, ಬಾಲ, ಮತ್ತೆ ಬಂದು ಹೋಗುವ ಒಂದು ಕೈನೇಸ್ (ಫಾಸ್ಫೇಟ್ ಅಂಟಿಸುವ ಎಂಜೈಮ್) ತುಂಡು. ತಲೆ ಮತ್ತು ನಡು ಪಾಲಿಮರೇಸ್ ಹಿಡಿಯುತ್ತವೆ, ಬಾಲ ಆಕ್ಟಿವೇಟರ್ ಹಿಡಿಯುತ್ತದೆ. 2006ರಲ್ಲಿ ಕಾರ್ನ್‌ಬರ್ಗ್‌ಗೆ ಕೆಮಿಸ್ಟ್ರಿ ನೊಬೆಲ್ ಬಂತು, ಟ್ರಾನ್ಸ್‌ಕ್ರಿಪ್ಶನ್ ಕೆಲಸಕ್ಕೇ. ಅವರ ತಂದೆ ಆರ್ಥರ್ ಕಾರ್ನ್‌ಬರ್ಗ್‌ಗೆ 1959ರಲ್ಲೇ ಬಂದಿತ್ತು.

ರಿಚರ್ಡ್ ಯಂಗ್ ಲ್ಯಾಬ್ ಇದೇ ಜಾಗಕ್ಕೆ ಜೆನೆಟಿಕ್ಸ್ ದಾರಿಯಲ್ಲಿ ಬಂತು. ಪಾಲಿಮರೇಸಿನ ಬಾಲದಲ್ಲಿ ಏಳು ಅಮೈನೋ ಆಮ್ಲದ ಒಂದೇ ಪಲ್ಲವಿ ಯೀಸ್ಟ್‌ನಲ್ಲಿ 26 ಸಲ, ನಮ್ಮಲ್ಲಿ 52 ಸಲ ಬರುತ್ತದೆ. ಆ ಬಾಲ ಮೋಟು ಮಾಡಿದರೆ ಯೀಸ್ಟ್ ನರಳುತ್ತದೆ. ನರಳಾಟ ಕಡಿಮೆ ಮಾಡುವ ಮ್ಯುಟೆಂಟ್ ಹುಡುಕಿದರೆ ಸಿಕ್ಕಿದ್ದು ಮೀಡಿಯೇಟರಿನ ಸದಸ್ಯರೇ.

ಹುಬ್ಬಳ್ಳಿ ಡಾಕ್ಟ್ರು

ಒಂದು ಮಾತು ನಡುವೆ. ಈ ಕೈನೇಸ್ ತುಂಡಿನಾಗ ಮೆಡ್12 ಅಂತ ಐತಲ್ಲ, ಅದು ನಮ್ಮ ಓಪಿಡಿಗೂ ಬರ್ತದ. ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆಗಳಲ್ಲಿ ಸುಮಾರು 70%ರಾಗ ಮೆಡ್12 ಮ್ಯುಟೇಶನ್ ಇರೂದನ್ನ 2011ರಾಗ ಫಿನ್‌ಲ್ಯಾಂಡಿನವರು ತೋರಿಸಿದರು. ಯೀಸ್ಟಿನ ಸುದ್ದಿ ಅಂತ ಸ್ಕ್ರೋಲ್ ಮಾಡಾಕತ್ತಿದ್ದೆ, ನಿಂತುಬಿಟ್ಟೆ. ಮುಂದುವರಸ್ರಿ.

ಕೋಡ್ ಕುಟ್ಟುವವ

ಆಕ್ಟಿವೇಶನ್ ಡೊಮೇನಿಗೆ ಬ್ಯಾಕ್ಟೀರಿಯಾದ ಕಸದ ಚೂರೂ ನಡೆಯುತ್ತದೆ, ವೈರಸ್ಸಿಂದೂ ನಡೆಯುತ್ತದೆ. ಹಾಗಾದರೆ ಇದು ಬೀಗ-ಕೀಲಿ ಥರ ಅಲ್ಲ. ಯಾವ ಕೀಲಿಗೂ ತೆಗೆಯುವ ಬೀಗ ಬೀಗವೇ ಅಲ್ಲ. ಕೈ ಹಿಡಿಯೋದು ಅಂತ ಆಗಿಂದ ಹೇಳುತ್ತಿದ್ದೀರಿ, ಆ ಕೈ ಹೇಗಿದೆ?

ರಾತ್ರಿಪಾಳಿ

ಕೈಯೇ ಅಲ್ಲ ಅದು, ಒದ್ದೆ ನೂಡಲ್ಸ್. ಈ ಡೊಮೇನ್‌ಗಳಿಗೆ ಸ್ವಂತ ಆಕಾರ ಇಲ್ಲ. ಇದು ಚೆನ್ನಾಗಿ ಗೊತ್ತಾಗಿದ್ದು ಜಿಸಿಎನ್4ನಿಂದ. ಅಮೈನೋ ಆಮ್ಲಕ್ಕೆ ಬರ ಬಂದಾಗ ಅವುಗಳನ್ನು ತಯಾರಿಸುವ ಜೀನ್‌ಗಳನ್ನು ಎಬ್ಬಿಸುವ ಆಕ್ಟಿವೇಟರ್ ಅದು, 281 ಅಮೈನೋ ಆಮ್ಲ.

ಸಿಯಾಟಲ್‌ನಲ್ಲಿ ಸ್ಟೀವನ್ ಹಾನ್ ಮತ್ತು ರೇಚಲ್ ಕ್ಲೆವಿಟ್ ತಂಡದವರು ಜಿಸಿಎನ್4ನ ತುಣುಕನ್ನು ಮೆಡ್15ನ ತುಣುಕಿನ ಜೊತೆ ಎನ್‌ಎಂಆರ್‌ನಲ್ಲಿ (ಪ್ರೋಟೀನಿನ ಆಕಾರ ತಿಳಿಯುವ ವಿಧಾನ) ನೋಡಿ 2011ರಲ್ಲಿ ಬರೆದರು. ಒಂಟಿಯಾಗಿದ್ದಾಗ ಜಿಸಿಎನ್4 ತುಣುಕು ದಾರದ ಥರ ಬಿದ್ದಿರುತ್ತದೆ. ಮೆಡ್15 ಹತ್ತಿರ ಬಂದಾಗ ಒಂದು ಪುಟ್ಟ ಸುರುಳಿ ಕಟ್ಟಿಕೊಳ್ಳುತ್ತದೆ. ಅದರಲ್ಲಿ ಮೂರು ಅಮೈನೋ ಆಮ್ಲ ಮುಖ್ಯ: ಟ್ರಿಪ್ಟೊಫ್ಯಾನ್, ಲ್ಯೂಸಿನ್, ಫಿನೈಲ್‌ಅಲನಿನ್. ಮೂರೂ ಎಣ್ಣೆಯಂಥವು, ನೀರು ಕಂಡರೆ ಆಗದವು. ಮೆಡ್15 ಮೇಲೊಂದು ಆಳವಿಲ್ಲದ ತಗ್ಗಿದೆ, ಅದೂ ಎಣ್ಣೆ ಸ್ವಭಾವದ್ದು. ಸುರುಳಿ ಬಂದು ಅಲ್ಲಿ ಒರಗುತ್ತದೆ. ಒಂದೇ ಭಂಗಿಯಲ್ಲಲ್ಲ. ಒಮ್ಮೆ ಹೀಗೆ ಮಲಗುತ್ತದೆ, ಇನ್ನೊಮ್ಮೆ ತಿರುಗಿ ಮಲಗುತ್ತದೆ. ಅದಕ್ಕೇ ಫಜ್ಜಿ, ಅಂದರೆ ಮಸುಕು ಕಾಂಪ್ಲೆಕ್ಸ್ ಅಂದರು. ಕೀಲಿ ಹೋಲಿಕೆ ಬೇಡ, ಚಾವಡಿಯ ದಿಂಬು ಅನ್ನಿ. ಯಾರು ಯಾವ ಕಡೆಯಿಂದ ಒರಗಿದರೂ ಆಯಿತು.

ಆಸಿಡ್ ಅಮೈನೋ ಆಮ್ಲಗಳ ಕೆಲಸವೂ ಇಲ್ಲೇ ತಿಳಿಯುತ್ತದೆ. ಎಣ್ಣೆಯಂಥವು ಬಿಟ್ಟರೆ ತಮ್ಮ ತಮ್ಮಲ್ಲೇ ಮುದುಡಿಕೊಂಡು ಒಳಗೆ ಅಡಗಿಬಿಡುತ್ತವೆ. ಸುತ್ತ ಋಣ ಚಾರ್ಜ್ ಇದ್ದರೆ ಒಂದನ್ನೊಂದು ತಳ್ಳಿ ದಾರವನ್ನು ಬಿಡಿಸಿಡುತ್ತವೆ, ಎಣ್ಣೆಯಂಥವು ಹೊರಗೆ ಕಾಣುವ ಹಾಗೆ ಇರುತ್ತವೆ. ಹಾಗಾಗಿ ಆಸಿಡ್ ಒಂದೇ ಸಾಲದು, ಮಧ್ಯೆ ಮಧ್ಯೆ ಎಣ್ಣೆಯೂ ಇರಬೇಕು.

ಹಿಡಿತ ಮಾತ್ರ ತುಂಬಾ ಸಡಿಲ. ಒಂದೊಂದು ಅಂಟೂ ಕ್ಷಣದಲ್ಲಿ ಬಿಡುತ್ತದೆ. ಆದರೆ ಮೆಡ್15ನಲ್ಲಿ ಇಂಥ ತಗ್ಗುಗಳು ಹಲವು. ಜಿಸಿಎನ್4ನಲ್ಲೂ ಅಂಥ ತುಣುಕು ಒಂದಕ್ಕಿಂತ ಜಾಸ್ತಿ. ಒಂದು ಬಿಟ್ಟರೆ ಇನ್ನೊಂದು ಹಿಡಿದಿರುತ್ತದೆ.

ಹಳೇ ಪಿಪೆಟ್

ಈಚೆಗೆ ಇದಕ್ಕೆಲ್ಲ "ಹನಿ" ಅನ್ನುವ ವಿವರಣೆ ಬಂದಿದೆಯಲ್ಲ. 2018ರಲ್ಲಿ ಜಿಸಿಎನ್4 ಮತ್ತು ಮೆಡ್15 ಸೇರಿಸಿದರೆ ನೀರಿನಲ್ಲಿ ಎಣ್ಣೆ ಹನಿಯ ಹಾಗೆ ಬೇರೆಯಾಗುತ್ತವೆ ಅಂತ ತೋರಿಸಿದ್ದರು. ಟ್ಯೂಬಿನಲ್ಲಿ ಹನಿ ಕಂಡಿದ್ದು ನಿಜ. ಜೀವಕೋಶದಲ್ಲಿ ಕೆಲಸಕ್ಕೆ ಹನಿಯೇ ಬೇಕು ಅನ್ನೋದನ್ನು ನಾನಿನ್ನೂ ಒಪ್ಪಿಲ್ಲ. ಸಡಿಲ ಅಂಟುಗಳು ಹತ್ತಾರು ಇದ್ದರೆ ಹನಿ ಆಗದೆಯೂ ಇದೇ ಫಲ ಬರುತ್ತದೆ.

ರಾತ್ರಿಪಾಳಿ

ಈ ಜಗಳ ಇಲ್ಲಿ ಬೇಡ ಅಣ್ಣಾ, ಬೆಳಗಾಗುತ್ತದೆ. ಹನಿ ಬೇಕೋ ಬೇಡವೋ, ಆ ಮೂರು ಅಮೈನೋ ಆಮ್ಲ ಕೆಡಿಸಿದರೆ ಜೀನ್ ಏಳಲ್ಲ ಅನ್ನೋದರಲ್ಲಿ ಇಬ್ಬರದೂ ಒಂದೇ ಮಾತು ಅಲ್ವಾ?

ಹಳೇ ಪಿಪೆಟ್

ಅದು ಸರಿ.

ಬಯಾಲಜಿ ಮೇಷ್ಟ್ರು

ಒಂದು ಡೌಟು ನನ್ನದೂ. ಯೀಸ್ಟ್ ಜೀನ್‌ಗಳಲ್ಲಿ 10% ಸಾಗಾ ನೆಚ್ಚಿಕೊಂಡಿವೆ, ಮಿಕ್ಕ 90% ಟಿಎಫ್‌ಐಐಡಿ (ಟಿಬಿಪಿ ತರುವ ಇನ್ನೊಂದು ತಂಡ) ನೆಚ್ಚಿಕೊಂಡಿವೆ ಅಂತ ಪಾಠ ಮಾಡುತ್ತೇನೆ. ಅದಾದರೂ ಸರಿಯೇ, ಅಥವಾ ಅದೂ ಹೋಯಿತೇ?

ರಾತ್ರಿಪಾಳಿ

ಅರ್ಧ ಹೋಯಿತು ಮೇಷ್ಟ್ರೇ. ಆ ಲೆಕ್ಕ 2004ರದ್ದು, ಫ್ರಾಂಕ್ ಪ್ಯೂ ಲ್ಯಾಬ್‌ನದ್ದು. ಅವರು ಅಳೆದದ್ದು ಜೀವಕೋಶದಲ್ಲಿ ಇದ್ದ ಒಟ್ಟು ಎಂಆರ್‌ಎನ್‌ಎ. ತೊಂದರೆ ಏನು ಅಂದರೆ, ಯೀಸ್ಟ್‌ನಲ್ಲಿ ಆರ್‌ಎನ್‌ಎ ತಯಾರಿ ಕಡಿಮೆ ಮಾಡಿದರೆ ಅದು ಕೊಳೆಯುವ ವೇಗವನ್ನೂ ಕಡಿಮೆ ಮಾಡಿಕೊಳ್ಳುತ್ತದೆ. ಟ್ಯಾಂಕಿಗೆ ನೀರು ಬರೋದು ಕಡಿಮೆಯಾಯಿತು, ಮನೆಯವರು ನಲ್ಲಿ ಬಿಗಿ ಮಾಡಿದರು. ಟ್ಯಾಂಕ್ ನೋಡಿದರೆ ತುಂಬಿಯೇ ಇದೆ. 2017ರಲ್ಲಿ ಹೊಸದಾಗಿ ತಯಾರಾಗುತ್ತಿರುವ ಆರ್‌ಎನ್‌ಎ ಮಾತ್ರ ಅಳೆದಾಗ, ಸಾಗಾ ಕೆಡಿಸಿದರೂ ಟಿಎಫ್‌ಐಐಡಿ ಕೆಡಿಸಿದರೂ ಹೆಚ್ಚುಕಮ್ಮಿ ಎಲ್ಲ ಜೀನ್‌ಗಳಿಗೂ ಪೆಟ್ಟು ಬಿತ್ತು. ಸ್ಟ್ರಾಸ್‌ಬರ್ಗ್ ಮತ್ತು ಸಿಯಾಟಲ್ ಲ್ಯಾಬ್‌ಗಳು ಒಂದೇ ವರ್ಷ ಹೇಳಿದವು.

ಹಾಗಂತ ಎರಡು ಗುಂಪು ಅನ್ನೋದೇ ಸುಳ್ಳಲ್ಲ. 2020ರಲ್ಲಿ ಹಾನ್ ಲ್ಯಾಬ್ ಪ್ರೋಟೀನನ್ನು ನಿಮಿಷಗಳಲ್ಲಿ ಕರಗಿಸಿ ಅಳೆದು ನೋಡಿತು: ಸುಮಾರು 87% ಜೀನ್‌ಗಳು ಟಿಎಫ್‌ಐಐಡಿ ಹೋದ ಕೂಡಲೇ ಬಿದ್ದವು. ಸುಮಾರು 13% ಜೀನ್‌ಗಳು ಯಾವುದಾದರೂ ಒಂದು ಇದ್ದರೆ ಸಂಭಾಳಿಸಿದವು, ಎರಡೂ ಹೋದರೆ ಬಿದ್ದವು. ಅಂಕಿ ಹಳೆಯದರ ಹತ್ತಿರವೇ ಬಂತು, ಅರ್ಥ ಬದಲಾಯಿತು.

ನೀಲಿ ಕಾಲನಿ

ಸರ್, ಮೇಡಂ, ಎಲ್ಲರಿಗೂ ಥ್ಯಾಂಕ್ಸ್. ನೋಟ್‌ಬುಕ್ಕಿನಲ್ಲಿ ಆರು ಪುಟ ಆಯಿತು. ನನ್ನ ಬಿಳಿ ಕಾಲನಿಗಳ ಗತಿ?

ಹಳೇ ಪಿಪೆಟ್

ಹೌದಲ್ವಾ, ಮರೆತೇಬಿಟ್ಟೆವು.

ನಿಮ್ಮ ಯೀಸ್ಟ್ ರಾತ್ರಿಯಿಡೀ ಗ್ಲೂಕೋಸ್ ತಿಂದಿದೆ. ಗ್ಲೂಕೋಸ್ ಇರುವಾಗ ಬರೀ ಗ್ಯಾಲ್80 ಸಮಸ್ಯೆ ಅಲ್ಲ. ಮಿಗ್1 ಅನ್ನುವ ರಿಪ್ರೆಸರ್ ಗ್ಯಾಲ್4 ಜೀನನ್ನೇ ತಗ್ಗಿಸಿರುತ್ತದೆ, ಗ್ಯಾಲ್1 ಪ್ರೊಮೋಟರ್ ಮೇಲೂ ಕೂತಿರುತ್ತದೆ. ಗ್ಯಾಲಕ್ಟೋಸನ್ನು ಒಳಗೆ ತರುವ ಗ್ಯಾಲ್2 ಬಾಗಿಲೂ ಮುಚ್ಚಿದೆ. ನೀವು ತೊಳೆಯದೆ ಗ್ಯಾಲಕ್ಟೋಸ್‌ಗೆ ಹಾಕಿದಿರಿ ಅಂದರೆ ಉಳಿದ ಗ್ಲೂಕೋಸನ್ನೂ ಜೊತೆಗೆ ಕಳಿಸಿದಿರಿ. ಇದೆಲ್ಲ ಬಿಡಿಸಿಕೊಂಡು ಏಳೋಕೆ ಎರಡು ಗಂಟೆ ಸಾಲದು. ಓಡಾಟದವನೇ ಇನ್ನೂ ಊರಿಗೆ ಬಂದಿಲ್ಲ, ನೀವು ಊಟ ಯಾಕೆ ಬಡಿಸಿಲ್ಲ ಅಂತ ಕೇಳುತ್ತಿದ್ದೀರಿ.

2% ರಾಫಿನೋಸ್‌ನಲ್ಲಿ ರಾತ್ರಿ ಬೆಳೆಸಿ. ಬೆಳಗ್ಗೆ ಹೊಸ ರಾಫಿನೋಸ್ ಮೀಡಿಯಾಕ್ಕೆ ಹಾಕಿ ಓಡಿ (ಕಲ್ಚರಿನ ಮಬ್ಬಿನ ಅಳತೆ) 0.5 ಬರುವವರೆಗೆ ಕಾಯಿರಿ. ಆಮೇಲೆ ಗ್ಯಾಲಕ್ಟೋಸ್ 2% ಆಗುವ ಹಾಗೆ ಸೇರಿಸಿ. ರಾಫಿನೋಸ್‌ನಲ್ಲಿ ಗ್ಯಾಲ್4 ಜಾಗದಲ್ಲಿ ಕೂತು ಕಾಯುತ್ತಿರುತ್ತದೆ. ನೀವು ಮೊದಲು ಕೇಳಿದ್ದು ಅದನ್ನೇ ಅಲ್ವಾ, ಕೂತು ಏನು ಬಂತು ಅಂತ? ಇದು ಬಂತು. ನಿಮಿಷಗಳಲ್ಲಿ ಎಂಆರ್‌ಎನ್‌ಎ ಶುರುವಾಗುತ್ತದೆ.

ಗ್ಯಾಲ್80 ಕಿತ್ತುಹಾಕಿದ ತಳಿ ಲ್ಯಾಬ್‌ನಲ್ಲಿದ್ದರೆ ಅದರಲ್ಲೂ ನಿಮ್ಮ ರಿಪೋರ್ಟರ್, ಅಂದರೆ ಆ ಲ್ಯಾಕ್‌ಝಡ್ ಜೋಡಣೆ ಹಾಕಿ. ಅದು ಗ್ಯಾಲಕ್ಟೋಸ್ ಇಲ್ಲದೆ ರಾಫಿನೋಸ್‌ನಲ್ಲೇ ಹಳದಿ ಕೊಡಬೇಕು. ಕೊಡದಿದ್ದರೆ ತಪ್ಪು ಆ ಜೋಡಣೆ ಹೊತ್ತ ಪ್ಲಾಸ್ಮಿಡ್ಡಿನದು. ಇದೇ ಥರ ಗ್ಯಾಲ್3 ಅತಿಯಾಗಿ ಮಾಡಿಸಿದರೂ ಗ್ಯಾಲಕ್ಟೋಸ್ ಇಲ್ಲದೆ ಆನ್ ಆಗುತ್ತದೆ. ಅದನ್ನು 1992ರಲ್ಲಿ ಪಿ. ಜೆ. ಭಟ್ ಮತ್ತು ಜೇಮ್ಸ್ ಹಾಪರ್ ತೋರಿಸಿದ್ದರು. ಈ ಪಿ. ಜೆ. ಭಟ್ ಆಮೇಲೆ ಮುಂಬೈ ಐಐಟಿಯಲ್ಲಿ ವರ್ಷಗಟ್ಟಲೆ ಇದೇ ಗ್ಯಾಲ್ ಜೀನ್‌ಗಳ ಮೇಲೆ ಕೆಲಸ ಮಾಡಿದರು.

ರಾತ್ರಿಪಾಳಿ

ಪ್ಲೇಟಿನದು ಬೇರೆ ಕಾರಣ ಇರಬಹುದು. ಎಕ್ಸ್-ಗ್ಯಾಲ್ ಪ್ಲೇಟಿಗೆ ಫಾಸ್ಫೇಟ್ ಬಫರ್ ಹಾಕಿದಿರಾ? ಸಾಮಾನ್ಯ ಯೀಸ್ಟ್ ಪ್ಲೇಟ್ ಹುಳಿ ಇರುತ್ತದೆ. ಬೀಟಾ-ಗ್ಯಾಲಕ್ಟೋಸಿಡೇಸ್‌ಗೆ ಪಿಎಚ್ 7 ಹತ್ತಿರ ಬೇಕು. ಹುಳಿಯಲ್ಲಿ ಎಂಜೈಮ್ ಇದ್ದೂ ನೀಲಿ ಬರಲ್ಲ.

ಇನ್ನೊಂದು, ನಿಮ್ಮ ಗ್ಯಾಲಕ್ಟೋಸ್ ಬಾಟಲಿ. ನಾನು ಪಿಎಚ್‌ಡಿ ಎರಡನೇ ವರ್ಷದಲ್ಲಿ ಮೂರು ತಿಂಗಳು ಅತ್ತಿದ್ದು ಇದಕ್ಕೇ. ಚಿಪ್ (ಡಿಎನ್‌ಎ ಮೇಲೆ ಯಾವ ಪ್ರೋಟೀನು ಕೂತಿದೆ ಅಂತ ನೋಡುವ ಪ್ರಯೋಗ) ಮಾಡಿದರೆ ಸಾಗಾ ಸಿಗ್ನಲ್ ಪ್ರೊಮೋಟರ್ ಮೇಲೆ ಬರುತ್ತಲೇ ಇರಲಿಲ್ಲ. ಆಂಟಿಬಾಡಿ ಬದಲಾಯಿಸಿದೆ, ಫಾರ್ಮಾಲ್ಡಿಹೈಡ್ ಹೊಸದು ತಂದೆ, ಸೋನಿಕೇಟರ್ ಬೈದೆ. ಕೊನೆಗೆ ಪಕ್ಕದ ಲ್ಯಾಬ್‌ನ ಸೀನಿಯರ್ ಒಬ್ಬರು ನಮ್ಮ ಗ್ಯಾಲಕ್ಟೋಸ್ ದ್ರಾವಣಕ್ಕೆ ಗ್ಲೂಕೋಸ್ ಸ್ಟ್ರಿಪ್ ಅದ್ದಿದರು, ಶುಗರ್ ಪೇಷಂಟ್‌ಗಳು ಮೂತ್ರಕ್ಕೆ ಅದ್ದುವಂಥದ್ದು. ಬಣ್ಣ ತಿರುಗಿತು. ಅಗ್ಗಕ್ಕೆ ಸಿಕ್ಕಿತು ಅಂತ ತರಿಸಿದ ಆ ಡಬ್ಬಿಯಲ್ಲಿ ಗ್ಲೂಕೋಸ್ ಬೆರೆತಿತ್ತು. ಒಳ್ಳೆಯ ಡಬ್ಬಿ ಬಂದ ದಿನ ಸಂಜೆಯೇ ಸಿಗ್ನಲ್ ಬಂತು. ಡಬ್ಬಿ ಮೇಲೆ ಗ್ಲೂಕೋಸ್ ಎಷ್ಟಿದೆ ಅಂತ ಬರೆದಿರುತ್ತದೆ, ಓದಿ.

ನೀಲಿ ಕಾಲನಿ

ಬಫರ್ ಹಾಕಿರಲಿಲ್ಲ! ಪ್ರೊಟೊಕಾಲ್‌ನಲ್ಲಿ ಇತ್ತು, ಆ ಸಾಲನ್ನು ದಾಟಿಬಿಟ್ಟಿದ್ದೆ. ಡಬ್ಬಿ ನೋಡಿದೆ, ಚೆನ್ನಾಗಿಯೇ ಇದೆ. ಗ್ಯಾಲ್80 ಇಲ್ಲದ ತಳಿ ಫ್ರೀಜರ್‌ನ ಮೂಲೆಯಲ್ಲಿ ಸಿಕ್ಕಿತು, ಲೇಬಲ್ ಅರ್ಧ ಅಳಿಸಿದೆ. ಇವತ್ತು ರಾತ್ರಿ ರಾಫಿನೋಸ್‌ಗೆ ಹಾಕುತ್ತೇನೆ.

ನೀಲಿ ಕಾಲನಿ

ನಾಲ್ಕು ದಿನ ಆದಮೇಲೆ ಬರೆಯುತ್ತಿದ್ದೇನೆ. ಮಾಮೂಲಿ ತಳಿ, ರಾಫಿನೋಸ್: ಏನೂ ಇಲ್ಲ. ಗ್ಯಾಲಕ್ಟೋಸ್ ಸೇರಿಸಿ ಒಂದು ಗಂಟೆ: ಓಎನ್‌ಪಿಜಿ ಹಾಕಿ ತಿರುಗಿ ನೋಡುವಷ್ಟರಲ್ಲಿ ನಿಂಬೆಹಣ್ಣಿನ ಬಣ್ಣ. ಗ್ಯಾಲ್80 ಇಲ್ಲದ್ದು: ಗ್ಯಾಲಕ್ಟೋಸ್ ಹಾಕದೆಯೇ ಹಳದಿ. ಅದೇ ತಳಿಗೆ ಗ್ಲೂಕೋಸ್ ಕೊಟ್ಟರೆ ಮತ್ತೆ ಬೆಳ್ಳಗೆ, ಮಿಗ್1 ಅಂದಿರಲ್ಲ, ಅದು ಕಣ್ಣಿಗೇ ಕಂಡಿತು. ಬಫರ್ ಹಾಕಿದ ಪ್ಲೇಟ್ ಇನ್ನೂ 30 ಡಿಗ್ರಿಯಲ್ಲಿದೆ. ಕೆಲವು ಕಾಲನಿಗಳ ಅಂಚು ತಿಳಿನೀಲಿಯಾಗಿದೆ, ಅಥವಾ ನನಗೆ ಹಾಗೆ ಕಾಣಿಸುತ್ತಿದೆ.

ಈಗ ಗೈಡ್ ಕೇಳುತ್ತಿದ್ದಾರೆ, ಮೆಡ್15 ಇಲ್ಲದ ತಳಿಯಲ್ಲೂ ಮಾಡು ಅಂತ. ಆ ತಳಿ ಬದುಕುತ್ತದಾ?

ರಾತ್ರಿಪಾಳಿ

ಬದುಕುತ್ತದೆ, ನಿಧಾನ ಅಷ್ಟೇ. ಬಾಲ ಇಲ್ಲದಿದ್ದರೂ ಯೀಸ್ಟ್ ಸಾಯಲ್ಲ. ತಲೆಯ ಮೆಡ್17 ಕೆಟ್ಟರೆ ಮಾತ್ರ ಹೆಚ್ಚುಕಮ್ಮಿ ಎಲ್ಲ ಜೀನ್‌ಗಳೂ ನಿಲ್ಲುತ್ತವೆ. ಮೆಡ್15 ಇಲ್ಲದೆ ನಿಮ್ಮ ಹಳದಿ ತುಂಬಾ ಕಡಿಮೆ ಬರುತ್ತದೆ, ಟ್ಯೂಬನ್ನು ಜಾಸ್ತಿ ಹೊತ್ತು ಬಿಡಿ. ನಿಲ್ಲಿಸುವಾಗ ಎಲ್ಲ ಟ್ಯೂಬಿಗೂ ಎಷ್ಟು ನಿಮಿಷ ಆಯಿತು ಅಂತ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಲೆಕ್ಕ ಹಾಕುವಾಗ ಮತ್ತೆ ಇಲ್ಲಿಗೇ ಬರುತ್ತೀರಿ.

ಹಳೇ ಪಿಪೆಟ್

ಪ್ಲೇಟಿನ ಫೋಟೋ ನಾಳೆ ಹಾಕಿ. ಆ ನಗುವ ಲ್ಯಾಬ್‌ಮೇಟ್‌ಗೂ ತೋರಿಸಿ.